ಕೂಲಿ ಮೊದಲೋ, ಕೆಲಸ ಮೊದಲೋ

ಗೋಕಾಕ ಸೀಮೆಯ ಮೇಲವಂಕಿ ಕಡೆ ಹೊತ್ತೇರುವ ಮುಂಚೆ ಬುತ್ತಿ ಕಟ್ಟಿಕೊಂಡು, ಕುರ್ಪಿ ಹಿಡಿದು ಹೊರಟ ಹೆಣ್ಣುಮಗಳನ್ನು ‘ಎಲ್ಲಿ ಹೊಂಟಿ ಬೇ ಯವ್ವಾ?’ ಎಂದು ಕೇಳಿ ನೋಡಿ. ‘ಕೂಲಿಗೆ’ ಅಂತಾಳೆ. ‘ನಾನು ಕೂಲಿ’ ಅಂತ ಮಾತ್ರ ಹೇಳುವುದಿಲ್ಲ. ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ರೊಕ್ಕ, ಹಿಂದೆ ಜೋಳ. ದುಡಿಯುವವರು ಕೂಲಿಕಾರರು, ಆಳುಗಳು. ಹಳೇ ಮೈಸೂರಿನ ಕಡೆ ಅಕ್ಷರ ತೀಡಿಸುವ ಅಯ್ಯನವರ ಶಾಲೆಗೂ ಕೂಲಿಮಠ ಎಂದೇ ಹೆಸರಿತ್ತು. ಪದಕ್ಕೆ ಆಗಿನ್ನೂ ಮೈಲಿಗೆ ಅಂಟಿರಲಿಲ್ಲ.

ಅಂಟಿದ್ದು ಬಂದರಿನಲ್ಲಿ. ಯುರೋಪಿನ ಹಡಗಿನವರ ಬಾಯಿಗೆ ಬಿದ್ದ ಮೇಲೆ ಕೂಲಿ ಎಂದರೆ ರೊಕ್ಕವಲ್ಲ, ಮನುಷ್ಯ. ಆ ಪದ ಗುಜರಾತಿನ ಕೋಲಿ ಜನರ ಹೆಸರಿನಿಂದ ಬಂದದ್ದು ಎನ್ನುವವರೂ ಇದ್ದಾರೆ. ಎರಡೂ ಬೆರೆತಿರಬೇಕು, ಬಂದರಿನಲ್ಲಿ ಯಾವುದು ತಾನೇ ಬೆರೆಯುವುದಿಲ್ಲ? ಗಿರಣಿಯವರು ಎಣಿಸುವ ‘ಪಗಾರ’ವೂ ಪೋರ್ಚುಗೀಸರದು, ಹೊರೆ ಹೊರುವ ‘ಹಮಾಲ’ ಅರಬರವನು. 1887ರಲ್ಲಿ ಗೋಕಾಕ ಫಾಲ್ಸಿನ ನೀರಿನ ಬಲದಿಂದ ಗಿರಣಿ ತಿರುಗತೊಡಗಿತು. ಈ ಸೀಮೆಯಲ್ಲಿ ಅಂದಿನಿಂದ ಇಂದಿನವರೆಗೂ ಹೊಲದ್ದು ಕೂಲಿ, ಗಿರಣಿಯದ್ದು ಪಗಾರ.

1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್‌ಶೋಟನ್ ಅಲ್ಲಿನ ಗುಲಾಮರ ಬಗ್ಗೆ ಬರೆದಿಟ್ಟಿದ್ದಾನೆ. ಬೀದಿಯಲ್ಲಿ ನೀರು, ಮಿಠಾಯಿ ಮಾರಿ ಅವರು ದುಡಿಯುತ್ತಿದ್ದರು, ಗಳಿಕೆ ಮಾತ್ರ ಯಜಮಾನನ ಮನೆಗೆ. ಅಲ್ಲಿ ಗಳಿಕೆಯಿತ್ತು, ಬಿಡುಗಡೆಯಿರಲಿಲ್ಲ. ಕಲ್ಕತ್ತೆಯಿಂದ ಹೊರಟ ‘ಅಟ್ಲಾಸ್’ ಹಡಗು 1834ರ ನವೆಂಬರ್ 2ರಂದು 36 ಕೂಲಿಕಾರರನ್ನು ಮಾರಿಷಸ್‌ನ ಪೋರ್ಟ್ ಲೂಯಿಗೆ ತಂದು ಮುಟ್ಟಿಸಿತು. ಆ ದ್ವೀಪದ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು ಮರುವರ್ಷದ ಫೆಬ್ರವರಿಯಲ್ಲಿ. ಜಾಗ ಖಾಲಿಯಾಗುವ ಮೊದಲೇ ಬದಲಿ ಜನ ಬಂದಾಗಿತ್ತು! ಇವರು ಗುಲಾಮರಲ್ಲ, ಕರಾರಿನವರು. ಆದರೆ ಕಬ್ಬಿನ ತೋಟಕ್ಕೆ ಒಂದು ದಿನ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಹೋಗುತ್ತಿತ್ತು.

ಸ್ವಂತ ನೆಲದಲ್ಲೂ ಕಥೆ ಬೇರೆಯಿರಲಿಲ್ಲ. 1859ರ 13ನೇ ಕಾಯ್ದೆ ಮೊದಲು ಬಂದದ್ದು ಕಲ್ಕತ್ತ, ಮದರಾಸು, ಮುಂಬಯಿಗಳಿಗೆ, ಮೂರೂ ಬಂದರು. ಮುಂಗಡ ತಗೊಂಡು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಕೆಲಸ ಮಾಡು ಅಥವಾ ಹಣ ಕಟ್ಟು, ಎರಡೂ ಇಲ್ಲವೆಂದರೆ ಮೂರು ತಿಂಗಳವರೆಗೆ ಜೈಲು. ಕೂಲಿ ಕೊಡದ ಧಣಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಇದು ರದ್ದಾಗಲು 1925 ಬರಬೇಕಾಯಿತು.

ಆಳು ಸ್ವತಂತ್ರನೋ ಅಲ್ಲವೋ ಎಂದು ತಿಳಿಯಲು ನನಗೆ ಕರಾರುಪತ್ರ ಬೇಕಿಲ್ಲ. ಕೆಲಸ ಮೊದಲು, ರೊಕ್ಕ ಆಮೇಲೆ ಎಂದಿದ್ದರೆ ಅವನು ನಾಳೆ ಬೇರೆಯವರ ಹೊಲಕ್ಕೆ ಹೋಗಬಲ್ಲ. ದೊಡ್ಡ ರೊಕ್ಕ ಮೊದಲು, ಕೆಲಸ ಆಮೇಲೆ ಎಂದಾದರೆ ಕಾಲಿಗೆ ಹಗ್ಗ ಬಿತ್ತೆಂದೇ ಲೆಕ್ಕ. ಕಸ ತೆಗೆಯಲು ಹೊರಟ ಹೆಣ್ಣುಮಗಳು ಬಡವಿ, ನಿಜ. ಆದರೂ ದರ ಒಗ್ಗದಿದ್ದರೆ ‘ನಾಳಿಂದ ನಾ ಬರೂದಿಲ್ಲ’ ಅನ್ನಬಲ್ಲಳು.

ಕಬ್ಬಿನ ಹಂಗಾಮಿನಲ್ಲಿ ಗೋಕಾಕ–ಮೂಡಲಗಿ ಸೀಮೆಗೆ ಹೊರಗಿನ ಗ್ಯಾಂಗುಗಳು ಬರುತ್ತವೆ. ಮಹಾರಾಷ್ಟ್ರದ ಬೀಡ ಕಡೆಯವರು ಆಳು ಹೊಂದಿಸುವ ಮುಕಾದಮನಿಂದ ಮಳೆಗಾಲದಲ್ಲೇ ಎತ್ತಿದ ಮುಂಗಡಕ್ಕೆ ‘ಉಚಲ್’ ಅನ್ನುತ್ತಾರೆ. ಗಂಡ ಹೆಂಡತಿ ಸೇರಿ ಲೆಕ್ಕದಲ್ಲಿ ‘ಒಂದು ಕೊಯ್ತಾ’, ಅಂದರೆ ಒಂದು ಕುಡುಗೋಲು. ಮನುಷ್ಯನಿಗೆ ಅವನ ಕೂಲಿಯ ಹೆಸರಿಟ್ಟವರನ್ನು ಬೈಯುವ ನಾವು, ಜೋಡಿಗೆ ಕುಡುಗೋಲಿನ ಹೆಸರಿಟ್ಟಿದ್ದೇವೆ. ಜ್ವರ ಬಂದು ಒಂದು ದಿನ ಮಲಗಿದರೆ ‘ಖಾಡಾ’ ಎಂದು ದಂಡ. ಪೋರ್ಟ್ ಲೂಯಿಯ ಲೆಕ್ಕದ ಪುಸ್ತಕ ಮುಚ್ಚಿಲ್ಲ.

ಕಾನೂನೇನೋ ಮಗುಚಿದೆ. ಆಳನ್ನು ಜೈಲಿಗೆ ಕಳಿಸುತ್ತಿದ್ದ ಕಾಯ್ದೆ ಹೋಗಿ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಿದೆ. ಅದರ ಪ್ರಕಾರ ಜೀತದ ಸಾಲವನ್ನು ಆಳು ತೀರಿಸಬೇಕಾಗಿಲ್ಲ. ಅಂಥ ಸಾಲ ಕೊಟ್ಟವನಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ.