ಸಪ್ಪಳ ಮಾಡದ ಬೆಲ್ಟು

ಎಳ್ಳ ಅಮವಾಸ್ಯೆಗೆ ಊರಿಗೆ ಹೋಗಿದ್ದೆ. ಆಳಂದ ನಮ್ಮೂರು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹೊಟ್ಟೆ ತುಂಬ ಉಂಡು ಮರದ ಕೆಳಗೆ ಅಡ್ಡಾಗಿದ್ದೆವು. ಅಫಜಲಪುರದ ಮಾಮಾ ಮತ್ತೆ ಅದೇ ಮಾತು ತೆಗೆದರು.

“ಅಲ್ಲೋ ತಮ್ಮಾ, ಒಂದು ಸಪ್ಪಳಾರ ಮಾಡಬೇಕಿತ್ತಲ್ಲ ಅದು? ಸಪ್ಪಳ ಬಂದಿದ್ರ ನಾ ಗಾಡಿ ನಿಲ್ಲಸ್ತಿದ್ದಿಲ್ಲೇನು?”

‘ಅದು’ ಅಂದರೆ ಅವರ ಕಾರಿನ ಟೈಮಿಂಗ್ ಬೆಲ್ಟು. ಹೋದ ವರ್ಷ ಮೇ ತಿಂಗಳಲ್ಲಿ ಕಲಬುರಗಿಯಿಂದ ಜೇವರ್ಗಿಗೆ ಒಂದು ಮದುವೆಗೆ ಹೊರಟಿದ್ದರು. ಕಟ್ಟಿಸಂಗಾವಿಯ ಭೀಮಾ ಸೇತುವೆ ಇನ್ನೇನು ಬಂತು ಅನ್ನುವಾಗ ಎಂಜಿನ್ ನಿಂತುಹೋಯಿತು. ಟ್ರ್ಯಾಕ್ಟರಿಗೆ ಕಟ್ಟಿ ಜೇವರ್ಗಿ ತನಕ ಎಳೆಸಿಕೊಂಡು ಹೋದರು. ಮೆಕ್ಯಾನಿಕ್ ಬಿಚ್ಚಿ ನೋಡಿ, “ಬೆಲ್ಟ್ ಹರದದ, ವಾಲ್ ಎಲ್ಲಾ ಬಗ್ಗ್ಯಾವ್ರಿ” ಅಂದ. ತೊಗರಿ ಮಾರಿ ಬೋರ್‌ವೆಲ್‌ಗೆಂದು ಇಟ್ಟಿದ್ದ ದುಡ್ಡು ಎಂಜಿನ್ನಿನ ಹೊಟ್ಟೆಗೆ ಹೋಯಿತು.

ಈ ಕಥೆಯಲ್ಲಿ ತಪ್ಪು ಮಾಮಾರದಲ್ಲ, ನನ್ನದು! ಆ ಹಳೆಯ ಡೀಸೆಲ್ ಕಾರನ್ನು ನೋಡಿ ಆರಿಸಿಕೊಟ್ಟವನು ನಾನೇ. ಹತ್ತು ವರ್ಷದ ಗಾಡಿ, ಮೀಟರಿನಲ್ಲಿ 48 ಸಾವಿರ ಕಿಲೋಮೀಟರ್. “ಬೆಲ್ಟಿಗೆ ಇನ್ನೂ ಟೈಮ್ ಇದೆ ಮಾಮಾ” ಅಂತ ಇಂಜಿನಿಯರ್ ಗತ್ತಿನಲ್ಲಿ ಹೇಳಿದ್ದೆ. ಅವತ್ತಿನಿಂದ ಈ ಬೆಲ್ಟಿನ ಇತಿಹಾಸ ಕೆದಕುತ್ತಾ ಕೂತಿದ್ದೇನೆ. ಮಾಮಾರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಬೆಲ್ಟಿನ ಕೆಲಸ ಏನು ಅಂತ ನೋಡೋಣ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ, ಅದಕ್ಕೆ ಸರಿಯಾಗಿ ವಾಲ್ವ್‌ಗಳು ತೆರೆದು ಮುಚ್ಚಬೇಕು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮ್ ಒಂದೇ ಸುತ್ತು. ಈ ಲೆಕ್ಕ ತಪ್ಪದಂತೆ ಇಬ್ಬರನ್ನೂ ಜೋಡಿಸುವುದು ಹಲ್ಲುಗಳಿರುವ ರಬ್ಬರ್ ಬೆಲ್ಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಿಮಿಷಕ್ಕೆ 3000 ಸುತ್ತು ಅಂತ ಹಿಡಿದರೂ 60 ಸಾವಿರ ಕಿಲೋಮೀಟರಿಗೆ ಕ್ರ್ಯಾಂಕ್ 18 ಕೋಟಿ ಸಲ ತಿರುಗಿರುತ್ತದೆ. ಅಷ್ಟೂ ಸಲ ಬೆಲ್ಟು ಒಂದು ಹಲ್ಲೂ ಜಾರಬಾರದು!

ಹಲ್ಲಿನ ಬೆಲ್ಟು ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ರಿಚರ್ಡ್ ಕೇಸ್ ಇದನ್ನು ಮಾಡಿದ್ದು ಸಿಂಗರ್ ಹೊಲಿಗೆ ಮಷೀನಿಗೆ. ಮೇಲೆ ಸೂಜಿ, ಕೆಳಗೆ ಬಾಬಿನ್, ಎರಡೂ ಒಂದೇ ತಾಳಕ್ಕೆ ನಡೆಯಬೇಕಲ್ಲ, ಅದಕ್ಕೆ. ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಇದನ್ನು ಮೊದಲು ಹಾಕಿದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004ಕ್ಕೆ. ಬವೇರಿಯಾದ ಡಿಂಗೊಲ್ಫಿಂಗ್ ಎಂಬ ಸಣ್ಣ ಊರಿನ ಈ ಗ್ಲಾಸ್ ಕಂಪನಿ ಕಾರಿಗೆ ಕೈ ಹಾಕುವ ಮೊದಲು ಏನು ಮಾಡುತ್ತಿತ್ತು ಗೊತ್ತೇ? ಬಿತ್ತನೆಯ ಯಂತ್ರ! ಅಂದರೆ ನಮ್ಮ ಕೂರಿಗೆಯ ದೊಡ್ಡಣ್ಣ. ಇದನ್ನು ಹೇಳಿದಾಗ ಮಾಮಾ ಎದ್ದು ಕೂತರು. ಹೊಲಿಗೆ ಮಷೀನು, ಕೂರಿಗೆ... ಎರಡೂ ನಮ್ಮ ಊರುಗಳಿಗೆ ಹೊಸದಲ್ಲ ನೋಡಿ.

1966ರಲ್ಲಿ ಅಮೆರಿಕದ ಪಾಂಟಿಯಾಕ್, ಇಟಲಿಯ ಫಿಯಟ್ ಕೂಡ ಬೆಲ್ಟ್ ಹಾಕಿದವು. ಕಾರಣ ಸರಳ. ಕ್ಯಾಮ್ ಅನ್ನು ಎಂಜಿನ್ನಿನ ತಲೆಯ ಮೇಲೆ ಕೂರಿಸಿದರೆ ಎಂಜಿನ್ ಚುರುಕಾಗುತ್ತದೆ, ಆದರೆ ಕ್ರ್ಯಾಂಕಿನಿಂದ ಅಲ್ಲಿಗೆ ದೂರ ಜಾಸ್ತಿ. ಅಷ್ಟು ಉದ್ದದ ಚೈನ್ ಹಾಕಿದರೆ ಸಪ್ಪಳ, ತೂಕ, ಖರ್ಚು, ಮೇಲೆ ಆಯಿಲ್ ಬೇರೆ ಬೇಕು. ಬೆಲ್ಟಿಗೆ ಇದ್ಯಾವುದೂ ಬೇಡ. ಅಗ್ಗ, ಹಗುರ, ಸದ್ದಿಲ್ಲ. ಬದಲಿಗೆ ಅದು ಕೇಳುವುದು ಒಂದೇ: ಹೇಳಿದ ದಿನಕ್ಕೆ ನನ್ನನ್ನು ಬದಲಿಸು.

ಈ ಕರಾರು ನಮ್ಮ ಕಡೆ ಯಾಕೆ ಯಾರಿಗೂ ತಿಳಿಯಲಿಲ್ಲ? ನಮ್ಮವರು ಗಾಡಿ ಕಲಿತದ್ದು ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ. ಅವೆರಡರಲ್ಲೂ ಇದ್ದದ್ದು ಟೈಮಿಂಗ್ ಚೈನ್. ಚೈನ್ ಸವೆದರೆ ಸಡಿಲಾಗಿ ಗಲಗಲ ಅನ್ನುತ್ತದೆ. ಆಳಂದದ ಹಳೆಯ ಮಿಸ್ತ್ರಿಯೊಬ್ಬರು ಬಾನೆಟ್ ಎತ್ತದೆ, ಬರೀ ಕಿವಿಗೊಟ್ಟು ರೋಗ ಹೇಳುತ್ತಿದ್ದರು. ‘ಸಪ್ಪಳ ಬಂದಾಗ ನೋಡಿದರಾಯ್ತು’ ಅನ್ನುವುದು ಆಗ ಸೋಮಾರಿತನ ಅಲ್ಲ, ಅದೇ ಸರಿಯಾದ ವಿದ್ಯೆ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 796 ಸಿಸಿ, ಮೂರು ಸಿಲಿಂಡರ್, ತಲೆಯ ಮೇಲೆ ಕ್ಯಾಮ್, ಅದಕ್ಕೆ ಬೆಲ್ಟ್. ದೇಶದ ಮನೆ ಮನೆಗೆ ಟೈಮಿಂಗ್ ಬೆಲ್ಟ್ ತಂದದ್ದು ಈ ಪುಟ್ಟ ಕಾರೇ. ಆದರೆ ಅದು ಬಹಳ ಕ್ಷಮಾಗುಣದ ಗಾಡಿ. ಬೆಲ್ಟ್ ಹರಿದರೆ ನಿಲ್ಲುತ್ತಿತ್ತು, ಹೊಸದು ಹಾಕಿದರೆ ಮತ್ತೆ ಓಡುತ್ತಿತ್ತು ಅಂತ ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಹೀಗಾಗಿ ಚೈನ್ ಕಾಲದ ಅಭ್ಯಾಸಕ್ಕೆ ಶಿಕ್ಷೆಯೇ ಆಗಲಿಲ್ಲ. ‘ಹರಿದಾಗ ಹಾಕಿದರಾಯ್ತು’ ಅಂತ ಮಾತು ಸ್ವಲ್ಪ ಬದಲಾಯಿತು, ಅಷ್ಟೆ.

1998ರಲ್ಲಿ ಟಾಟಾ ಇಂಡಿಕಾ ಬಂತು. ಸಣ್ಣ ಡೀಸೆಲ್ ಕಾರು ಬಾಡಿಗೆ ಗಾಡಿಯಾಗಿ ಊರೂರು ತಲುಪಿತು. ಅದರಲ್ಲೂ ಬೆಲ್ಟೇ. ಡೀಸೆಲ್‌ನಲ್ಲಿ ಗಾಳಿಯನ್ನು ಅಗಾಧವಾಗಿ ಒತ್ತಬೇಕು, ಹಾಗಾಗಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲ. ಬೆಲ್ಟ್ ಹರಿದರೆ ತೆರೆದ ವಾಲ್ವ್ ಹಾಗೇ ನಿಲ್ಲುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ಈಗಿನ ಎಷ್ಟೋ ಪೆಟ್ರೋಲ್ ಎಂಜಿನ್ನುಗಳ ಹಣೆಬರಹವೂ ಇದೇ. ಜೇವರ್ಗಿಯ ಮೆಕ್ಯಾನಿಕ್ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಚೈನ್ ಅಂದ್ರ ಬೊಗಳೋ ನಾಯಿ ಸರ್. ಬೆಲ್ಟ್ ಬೊಗಳಂಗಿಲ್ಲ, ಸೀದಾ ಕಚ್ತದ.”

ಹಾಗಾದರೆ ಬದಲಿಸುವುದು ಯಾವಾಗ? ಪ್ರತಿ ಕಾರಿನ ಪುಸ್ತಕದಲ್ಲೂ ಬರೆದಿರುತ್ತದೆ. ಸಾಮಾನ್ಯವಾಗಿ 60 ಸಾವಿರದಿಂದ ಒಂದು ಲಕ್ಷ ಕಿಲೋಮೀಟರ್ ‘ಅಥವಾ’ ಇಂತಿಷ್ಟು ವರ್ಷ, ಯಾವುದು ಮೊದಲೋ ಅದು. ದಿನವಿಡೀ ಕೋಡ್‌ನಲ್ಲಿ ‘ಅಥವಾ’ ಬರೆಯುವ ನಾನು ಈ ‘ಅಥವಾ’ವನ್ನೇ ನೋಡಲಿಲ್ಲ! ಕಿಲೋಮೀಟರ್ ನೋಡಿದೆ, ವರ್ಷ ಬಿಟ್ಟೆ.

ನಮ್ಮ ಕಡೆ ಮೊದಲು ಬರುವುದು ವರ್ಷವೇ. ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಹೋಗಿ ಬಂದರೆ ವರ್ಷಕ್ಕೆ 1920, ಹತ್ತು ವರ್ಷಕ್ಕೂ 20 ಸಾವಿರ ದಾಟುವುದಿಲ್ಲ. ಗಾಣಗಾಪುರ, ಮದುವೆ, ಆಸ್ಪತ್ರೆ ಎಲ್ಲ ಸೇರಿಸಿದರೂ ಮೀಟರ್ ಎಳೆಯದಾಗೇ ಕಾಣುತ್ತದೆ. ಆದರೆ ರಬ್ಬರ್ ನಿಂತಲ್ಲೇ ಮುಪ್ಪಾಗುತ್ತದೆ, ಬಿಸಿಲಿಗೆ ಇನ್ನೂ ಬೇಗ. ಮೇ ತಿಂಗಳಲ್ಲಿ ನೆರಳಲ್ಲೇ 42-43 ಡಿಗ್ರಿ ಇರುವ ಊರಲ್ಲಿ ಬಾನೆಟ್ ಕೆಳಗೆ ಎಷ್ಟಿರಬಹುದು, ನೀವೇ ಊಹಿಸಿ. ಮೇಲೆ ಎರೆಮಣ್ಣಿನ ಧೂಳು. ಎಲ್ಲೋ ಆಯಿಲ್ ಸೋರಿ ಬೆಲ್ಟಿಗೆ ಹತ್ತಿದರಂತೂ ಮುಗಿಯಿತು.

ಮಾಮಾರ ದುಡ್ಡು ಕಳೆದು ನಾನು ಕಲಿತದ್ದು ಇಷ್ಟು. ಹಳೆಯ ಕಾರು ಕೊಂಡರೆ, ಬೆಲ್ಟ್ ಬದಲಿಸಿದ ಬಿಲ್ ಕೈಗೆ ಬರದಿದ್ದರೆ, ಮೀಟರ್ ಏನೇ ಹೇಳಲಿ ಮೊದಲು ಬೆಲ್ಟ್ ಬದಲಿಸಿ. ಟೆನ್ಷನರ್ ಜೊತೆಗೇ ಹಾಕಿಸಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಅದನ್ನೂ ನೋಡಿಸಿ, ಹೇಗೂ ಬಿಚ್ಚುವ ಕೂಲಿ ಒಂದೇ. ನಿಮ್ಮದು ಚೈನ್ ಗಾಡಿಯೋ ಬೆಲ್ಟ್ ಗಾಡಿಯೋ ಮೊದಲು ಕೇಳಿಕೊಳ್ಳಿ. ಮಾರುತಿಯೇ 2008ರ ಎ-ಸ್ಟಾರ್‌ನ ಕೆ-ಸೀರೀಸ್ ಎಂಜಿನ್‌ನಲ್ಲಿ ಚೈನ್‌ಗೆ ಮರಳಿತು. ಹಾಗಂತ ಚೈನ್ ಅಮರವಲ್ಲ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಮಾತ್ರ ಬಾಳುತ್ತದೆ.

ಇಷ್ಟೆಲ್ಲ ಕೇಳಿ ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತೊಗರಿ ಸಾಲಿನ ಕಡೆ ಕೈ ತೋರಿಸಿ, “ಅಂದ್ರ ಇದು ಬಿತ್ತನಿ ಇದ್ದಂಗ. ಭೂಮಿ ಏನು ಕೂಗಿ ಕರೀತದೇನು? ಮಳಿ ನಕ್ಷತ್ರ ನೋಡಿ ನಾವೇ ಕೂರಿಗಿ ಹೂಡ್ತೀವಿ” ಅಂದರು.

ನಾನು ಎರಡು ದಿನ ಕೂತು ಓದಿದ್ದನ್ನು ಮಾಮಾ ಒಂದೇ ಮಾತಲ್ಲಿ ಮುಗಿಸಿಬಿಟ್ಟರು.

ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಹೊಸ ಬೆಲ್ಟ್ ಹಾಕಿದ ತಾರೀಖು, ಕಿಲೋಮೀಟರ್ ಬರೆದೆವು. ಅದರ ಕೆಳಗೆ ಮುಂದಿನ ತಾರೀಖನ್ನು ಮಾಮಾ ತಮ್ಮ ಕೈಯಾರೆ ಬರೆದರು. ಬೋರ್‌ವೆಲ್ ಮಾತ್ರ ಈ ವರ್ಷದ ತೊಗರಿ ಮೇಲೆ ನಿಂತಿದೆ.

ನಿಮ್ಮ ಕಾರಿನ ಬೆಲ್ಟ್ ಯಾವ ವರ್ಷದ್ದು? ಮೀಟರ್ ನೋಡಬೇಡಿ, ಬಿಲ್ ಹುಡುಕಿ...