ಹಲ್ಮಿಡಿಯ ‘ೞ’ ಮತ್ತು ಯೂನಿಕೋಡ್‌ನ ತಪ್ಪುಗಳ ಪಟ್ಟಿ

ಇವತ್ತಿನ ಕತೆ ಒಂದೇ ಒಂದು ಅಕ್ಷರದ್ದು. ಕಂಪ್ಯೂಟರ್ ಲೋಕದಲ್ಲಿ ಅದಕ್ಕೆ ಹೆಸರಿಡುವಾಗ ತಪ್ಪಾಯ್ತು. ತಪ್ಪು ಅಂತ ಒಪ್ಪಿಕೊಂಡೂ ಆಯ್ತು. ಆದರೂ ಅದನ್ನು ಅಳಿಸೋ ಹಾಗಿಲ್ಲ. ಯಾಕೆ ಅಂತ ನೋಡೋಣ.

ಮೊದಲು ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗೋಣ. 1936ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಇಲ್ಲಿನ 16 ಸಾಲಿನ ಶಾಸನವನ್ನು ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450. ಗೆದ್ದು ಬಂದ ವೀರನಿಗೆ ‘ಬಾಳ್ಗೞ್ಚು’ ಕೊಟ್ಟ ವಿಷಯ ಅದರಲ್ಲಿದೆ. ಬಾಳ್ ಅಂದ್ರೆ ಕತ್ತಿ, ಕೞ್ಚು ಅಂದ್ರೆ ತೊಳೆ. ಕತ್ತಿ ತೊಳೆಯುವಾಗ ಕೊಡುವ ಭೂಮಿ ಅದು.

ಆ ಪದದ ನಡುವೆ ಇರೋದೇ ನಮ್ಮ ಅಕ್ಷರ: ೞ. ಕೇರಳದ ‘ಆಲಪ್ಪುೞ’ದ ಕೊನೆಯಲ್ಲಿ ಕೇಳಿಸುತ್ತಲ್ಲ, ಆ ಉಚ್ಚಾರ. ನಾವಿವತ್ತು ಹೇಳೋ ‘ಮಳೆ’ ಹಿಂದೆ ‘ಮೞೆ’, ‘ಏಳು’ ಹಿಂದೆ ‘ಏೞು’. ತಮಿಳು, ಮಲಯಾಳದಲ್ಲಿ ಈ ಅಕ್ಷರ ಉಳೀತು. ಕನ್ನಡದಲ್ಲಿ ಅದು ಹೆಚ್ಚಾಗಿ ‘ಳ’ದಲ್ಲಿ ಕರಗಿಹೋಯ್ತು. 13ನೇ ಶತಮಾನದ ಹೊತ್ತಿಗೆ ಗೊಂದಲ ಎಷ್ಟಿತ್ತು ಅಂದ್ರೆ, ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಯೇ ಇಟ್ಟ.

ಈಗ 1990ರ ದಶಕಕ್ಕೆ ಬರೋಣ. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು ಕೊಡೋ ಕೆಲಸವನ್ನು ಯೂನಿಕೋಡ್ ಶುರುಮಾಡಿತ್ತು. ತಮಿಳು, ಮಲಯಾಳದ ೞಕ್ಕೆ ಮೂರು ‘ಎಲ್’, ಒಂದು ‘ಎ’ ಸೇರಿಸಿದ ಹೆಸರು ಸಿಕ್ತು. ಕನ್ನಡದ ೞಕ್ಕೆ ಮಾತ್ರ ‘ಕನ್ನಡ ಲೆಟರ್ ಫಾ’ ಅಂತ ಇಟ್ಟುಬಿಟ್ಟರು! ದೇವನಾಗರಿಯ ಕೋಷ್ಟಕದಲ್ಲಿ ಅದೇ ಸ್ಥಾನದಲ್ಲಿರೋದು ‘ಫ಼’. ೞಕ್ಕೂ ‘ಫ಼’ಕ್ಕೂ ಬೇರೆ ಯಾವ ನಂಟೂ ಇಲ್ಲ.

ಹಾಗಾದ್ರೆ ತಿದ್ದಬಹುದಿತ್ತಲ್ಲ? ಆಗಲ್ಲ. ಅಕ್ಷರವನ್ನು ಹೆಸರಿನಿಂದಲೇ ಹುಡುಕುವ ಪ್ರೋಗ್ರಾಮ್‌ಗಳಿವೆ. ಹೆಸರು ಬದಲಾದರೆ ಅವು ಕೆಡುತ್ತವೆ. ಅದಕ್ಕೇ 1996ರ ಎರಡನೇ ಆವೃತ್ತಿಯಿಂದ, ಒಮ್ಮೆ ಇಟ್ಟ ಹೆಸರು ಬದಲಿಸಲ್ಲ ಅನ್ನೋದು ಯೂನಿಕೋಡ್ ನಿಯಮ.

ಉಳಿದ ದಾರಿ ಒಂದೇ: ತಪ್ಪನ್ನು ಬರೆದಿಡೋದು. 2006ರ ಐದನೇ ಆವೃತ್ತಿಯಲ್ಲಿ ಪರ್ಯಾಯ ಹೆಸರುಗಳ ಅಧಿಕೃತ ಫೈಲ್ ಬಂತು. ಅದರಲ್ಲಿ ನಮ್ಮ ೞದ ಸರಿಯಾದ ಹೆಸರಿದೆ, ಪಕ್ಕದಲ್ಲಿ ‘ತಿದ್ದುಪಡಿ’ ಅನ್ನೋ ಗುರುತಿದೆ. ‘ಬ್ರಾಕೆಟ್’ ಪದದ ಸ್ಪೆಲಿಂಗ್ ತಪ್ಪಿದ ಇನ್ನೊಂದು ಹೆಸರೂ ಅದೇ ಪಟ್ಟಿಯಲ್ಲಿದೆ. ಇದಲ್ಲದೆ, ಇಂಥ ಎಡವಟ್ಟುಗಳನ್ನೆಲ್ಲ ವಿವರಿಸುವ 27ನೇ ಸಂಖ್ಯೆಯ ತಾಂತ್ರಿಕ ಟಿಪ್ಪಣಿಯನ್ನೂ ಯೂನಿಕೋಡ್ ಪ್ರಕಟಿಸಿದೆ.

ಈ ಪಟ್ಟಿಯಿಂದ ಏನು ಲಾಭ? ಪೈಥಾನ್ ಕಲಿಯೋರು ‘ಯೂನಿಕೋಡ್‌ಡೇಟಾ’ ಲೈಬ್ರರಿಯಲ್ಲಿ ೞದ ಹೆಸರು ಕೇಳಿ ನೋಡಿ. ಇವತ್ತಿಗೂ ‘ಫಾ’ ಅಂತಲೇ ಬರುತ್ತೆ. ಆದರೆ ಸರಿಯಾದ ಹೆಸರು ಕೊಟ್ಟು ಹುಡುಕಿದರೂ ೞ ಸಿಗುತ್ತೆ. ಪೈಥಾನ್ 3.3ರಿಂದ ಲೈಬ್ರರಿ ಆ ಪಟ್ಟಿಯನ್ನೂ ಓದುತ್ತೆ. ಪಟ್ಟಿ ಇಲ್ಲದಿದ್ದರೆ, ‘ಕನ್ನಡದಲ್ಲಿ ಈ ಅಕ್ಷರವೇ ಇಲ್ಲ’ ಅಂದ್ಕೊಂಡು ಯಾರೋ ಶಾಸನದ ೞ ಬದಲು ಳ ಟೈಪ್ ಮಾಡಿಬಿಡ್ತಿದ್ರು. ಆಮೇಲೆ ‘ಬಾಳ್ಗೞ್ಚು’ ಅಂತ ಹುಡುಕಿದವರಿಗೆ ಹಲ್ಮಿಡಿ ಸಿಗ್ತಾನೇ ಇರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.