ಎರಡನೇ ಕುರ್ಚಿಯಲ್ಲಿ ಯಾರಿದ್ದಾರೆ?

2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿ ಎದುರು 4–0 ಗೋಲುಗಳಿಂದ ಸೋತಿತು. ಅದರ ಬೆನ್ನಿಗೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಕ್ಲಬ್ ಕೈಬಿಟ್ಟಿತು. ಹೊರನಾಡಿನ ಕಡೆ ಆಗ ಕಾಫಿ ಕೊಯ್ಲು ಶುರುವಾಗಿತ್ತು. ಬೆಳಿಗ್ಗೆ ತೋಟ, ಸಂಜೆ ಕಣ, ರಾತ್ರಿ ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಮೊಬೈಲಿನಲ್ಲಿ ಮ್ಯಾಚ್. ಇಷ್ಟರ ನಡುವೆಯೂ ನಮ್ಮ ಗುಂಪಿನಲ್ಲಿ ವಾರವಿಡೀ ಒಂದೇ ಮಾತು: "ಇನ್ಯಾರು ಬರ್ತಾರೆ ಮಾರಾಯ?"

ಒಬ್ಬ ಆಶ್ಲಿ ವೆಸ್ಟ್‌ವುಡ್ ವಾಪಸ್ ಬರಬೇಕು ಅಂದ. ಇನ್ನೊಬ್ಬ ಕಾರ್ಲೆಸ್ ಕ್ವಾಡ್ರಟ್ ಹೆಸರು ಹೇಳಿದ; ಅವರು ಆಗಲೇ ಈಸ್ಟ್ ಬೆಂಗಾಲ್‌ನಲ್ಲಿದ್ದರು. ಮತ್ತೊಬ್ಬ, "ಒಂದ್ಸಲ ಇಂಡಿಯನ್ ಕೋಚ್‌ಗೆ ಕೊಟ್ಟು ನೋಡ್ಲಿ" ಅಂದ. ಮೂವರು ಸೇರಿ ಅವನ ಬಾಯಿ ಮುಚ್ಚಿಸಿದೆವು. ಆ ಮೂವರಲ್ಲಿ ನಾನೂ ಒಬ್ಬ.

ಅದೇ ತಿಂಗಳು ಸ್ಪೇನ್‌ನ ಜೆರಾರ್ಡ್ ಝರಗೋಜಾ ಅವರ ಹೆಸರು ಪ್ರಕಟವಾಯಿತು. ನಮ್ಮಲ್ಲಿ ಒಬ್ಬನೂ ಆ ಹೆಸರು ಎತ್ತಿರಲಿಲ್ಲ. ಆದರೆ ಅವರು ಹೊಸಬರೇನೂ ಆಗಿರಲಿಲ್ಲ. 2018–19ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಗೆದ್ದಾಗ ಕ್ವಾಡ್ರಟ್ ಪಕ್ಕದಲ್ಲಿ ಸಹಾಯಕ ಕೋಚ್ ಆಗಿ ಕೂತಿದ್ದವರೇ ಅವರು. ನಾವೆಲ್ಲ ಮೊದಲ ಕುರ್ಚಿಯನ್ನೇ ನೋಡುತ್ತಿದ್ದುದರಿಂದ ಎರಡನೆಯದು ಕಣ್ಣಿಗೆ ಬಿದ್ದಿರಲಿಲ್ಲ. ಈ ಬರಹ ಆ ಎರಡನೇ ಕುರ್ಚಿಯ ಬಗ್ಗೆ.

ಕೋಚ್ ಯಾರಾಗಬೇಕು ಎಂದು ಅಭಿಮಾನಿಗಳು ಜಗಳವಾಡುವುದು ತೀರಾ ಹಳೆಯ ಸಂಗತಿಯಲ್ಲ. ಫುಟ್‌ಬಾಲ್ ಹುಟ್ಟಿದ ಇಂಗ್ಲೆಂಡಿನಲ್ಲೇ ರಾಷ್ಟ್ರೀಯ ತಂಡದ ಆಟಗಾರರನ್ನು ಬಹುಕಾಲ ಆರಿಸುತ್ತಿದ್ದದ್ದು ಸಮಿತಿ. ವಾಲ್ಟರ್ ವಿಂಟರ್‌ಬಾಟಮ್ 1946ರಿಂದ 1962ರವರೆಗೆ ಮ್ಯಾನೇಜರ್ ಆಗಿದ್ದರೂ ತಂಡದ ಆಯ್ಕೆ ಪೂರ್ತಿಯಾಗಿ ಅವರ ಕೈಯಲ್ಲಿರಲಿಲ್ಲ. 1963ರಲ್ಲಿ ಬಂದ ಆಲ್ಫ್ ರಾಮ್ಸಿ ಆ ಅಧಿಕಾರ ತನಗೇ ಬೇಕು ಎಂದು ಪಡೆದುಕೊಂಡರು. ಮೂರು ವರ್ಷದಲ್ಲಿ ವಿಶ್ವಕಪ್ ಗೆದ್ದರು. ಗೆದ್ದರೆ ಕೋಚ್ ದೇವರು, ಸೋತರೆ ಕೋಚ್ ಮನೆಗೆ ಎಂಬ ಲೆಕ್ಕಕ್ಕೆ ಬಲ ಬಂದದ್ದು ಆ ಕಾಲದ ನಂತರ.

ಬೆಂಗಳೂರಿನ ಫುಟ್‌ಬಾಲ್ ಅದಕ್ಕಿಂತ ಹಳೆಯದು. ಮುಂಬೈಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನು ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. ದಂಡು ಪ್ರದೇಶದ ಮೈದಾನಗಳಲ್ಲಿ ಸೈನಿಕರ ಆಟ ನೋಡಿ ಕಲಿತ ಹಲಸೂರು, ಗೌತಮಪುರದ ಹುಡುಗರ ಕಾಲ ಅದು. ಆ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ.

ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ ನಾಲ್ಕು ಬಾರಿ ಚಾಂಪಿಯನ್ ಆಯಿತು: 1946–47, 1952–53, 1967–68, 1968–69. ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಬಂಗಾಳ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಾಗ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ ಪಂಚ ಪಾಂಡವರಲ್ಲಿ ಒಬ್ಬರೆನಿಸಿದರು. ಗಮನಿಸಿ, ಈ ಕಥೆಗಳಲ್ಲಿ ನಮಗೆ ನೆನಪಿರುವುದು ಆಡಿದವರ ಹೆಸರು. ಕಲಿಸಿದವರ ಹೆಸರು ಜನರ ಬಾಯಲ್ಲಿ ಉಳಿದಿಲ್ಲ. ಆ ಕಾಲದ ಭಾರತದಲ್ಲಿ ಮನೆಮಾತಾದ ಕೋಚ್ ಎಂದರೆ ಒಬ್ಬರೇ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ಶಾಲಾ ಮೇಷ್ಟ್ರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಅವರ ಕೈಕೆಳಗೆ ಬಂದದ್ದು. 1962ರ ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು.

ಹಾಗಾದರೆ ಕೋಚ್‌ಗಳು ಎಲ್ಲಿಂದ ಬರುತ್ತಿದ್ದರು? ಬೆಂಗಳೂರಿನಲ್ಲಿ ಬಹುಪಾಲು ಉತ್ತರ ಕಾರ್ಖಾನೆಗಳಲ್ಲಿತ್ತು. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಐಟಿಐ. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕೆಲಸ. ಹಗಲು ಪಾಳಿ ಮುಗಿಸಿ ಅಭ್ಯಾಸ, ಭಾನುವಾರ ಲೀಗ್. ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ, ಪಿಂಚಣಿವರೆಗೆ ದಾರಿ ಇತ್ತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾದ ಮೇಲೆ ಆಟ ಬಿಟ್ಟವರಿಗೆ ಕೋಚಿಂಗ್ ಡಿಪ್ಲೊಮಾ ಮಾಡುವ ಅವಕಾಶವೂ ಬಂತು. ಆಡಿದವನು ಹಿರಿಯನಾಗುತ್ತಾನೆ, ಹಿರಿಯನು ಕಿರಿಯರಿಗೆ ಹೇಳಿಕೊಡುತ್ತಾನೆ, ಒಂದು ದಿನ ತಂಡ ಅವನ ಕೈಗೆ ಬರುತ್ತದೆ. ಇದನ್ನು ಯಾರೂ ಯೋಜನೆ ಅಂತ ಕರೆಯಲಿಲ್ಲ, ಆದರೆ ಅದು ಒಂದು ಏಣಿಯಾಗಿತ್ತು.

ಆ ಏಣಿ ನಿಧಾನಕ್ಕೆ ಸವೆಯಿತು. ಸಾರ್ವಜನಿಕ ಉದ್ದಿಮೆಗಳಲ್ಲಿ ಆಟಗಾರರ ನೇಮಕಾತಿ ಇಳಿಯಿತು. ರಾಷ್ಟ್ರೀಯ ಲೀಗಿನಲ್ಲಿ ಆಡಿದ್ದ ಐಟಿಐ ಹಿಂದೆ ಬಿತ್ತು. 2011–12ರ ಐ–ಲೀಗ್‌ನಲ್ಲಿ ಎಚ್‌ಎಎಲ್ ಕೊನೆಯ ಸ್ಥಾನಕ್ಕೆ ಕುಸಿದು ಹೊರಬಿತ್ತು. ನಾಲ್ಕು ಸಂತೋಷ್ ಟ್ರೋಫಿ ಗೆದ್ದ ನಾಡಿಗೆ ದೇಶದ ಮೇಲ್ದರ್ಜೆಯ ಲೀಗಿನಲ್ಲಿ ಒಂದು ತಂಡವೂ ಉಳಿಯಲಿಲ್ಲ.

ಆ ಖಾಲಿ ಜಾಗಕ್ಕೆ 2013ರ ಜುಲೈನಲ್ಲಿ ಬಂದದ್ದು ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ ಮೊದಲ ವರ್ಷವೇ ಐ–ಲೀಗ್ ಗೆದ್ದರು. ಮರುವರ್ಷ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ–ಲೀಗ್. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವ ಅಭಿಮಾನಿಗಳ ಪಡೆ ಬೆಳೆದದ್ದು ಈ ವರ್ಷಗಳಲ್ಲಿ.

2016ರಲ್ಲಿ ವೆಸ್ಟ್‌ವುಡ್ ಹೋದರು. ಮೂರು ವರ್ಷದಲ್ಲಿ ಎರಡು ಲೀಗ್ ಗೆದ್ದವರನ್ನು ಬಿಡುವುದು ಯಾವ ನ್ಯಾಯ ಎಂಬ ಪ್ರಶ್ನೆ ಸಹಜವೇ. ಆದರೆ ಅವರ ಜಾಗಕ್ಕೆ ಬಂದ ಆಲ್ಬರ್ಟ್ ರೋಕಾ ಕೆಲವೇ ತಿಂಗಳಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿ, ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡರು. ಫೈನಲ್‌ನಲ್ಲಿ ಇರಾಕ್‌ನ ತಂಡಕ್ಕೆ ಒಂದು ಗೋಲಿನಿಂದ ಸೋತರು.

ಈ ರೋಕಾ ಎಲ್ಲಿ ತಯಾರಾದವರು? ಬಾರ್ಸಿಲೋನಾದಲ್ಲಿ, ಫ್ರಾಂಕ್ ರೈಕಾರ್ಡ್ ಅವರ ಸಹಾಯಕ ಸಿಬ್ಬಂದಿಯಲ್ಲಿ. ಅಂದರೆ ಅವರೂ ಎರಡನೇ ಕುರ್ಚಿಯಿಂದಲೇ ಬಂದವರು. ಬೆಂಗಳೂರಿನಲ್ಲಿ ಅವರ ಸಹಾಯಕರಾಗಿದ್ದವರು ಕ್ವಾಡ್ರಟ್. 2018ರಲ್ಲಿ ರೋಕಾ ಹೋದಾಗ ಕ್ವಾಡ್ರಟ್ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾವನ್ನು ಹೆಚ್ಚುವರಿ ಅವಧಿಯಲ್ಲಿ 1–0ಯಿಂದ ಸೋಲಿಸಿ ಐಎಸ್‌ಎಲ್ ಗೆದ್ದರು. ಆಗ ಅವರ ಸಹಾಯಕರಾಗಿದ್ದವರು ಝರಗೋಜಾ. 2024–25ರಲ್ಲಿ ಅವರೂ ತಂಡವನ್ನು ಫೈನಲ್‌ಗೆ ತಂದರು. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ 2–1ರಿಂದ ಸೋತರು. ರೋಕಾ, ಅವರ ಸಹಾಯಕ, ಆ ಸಹಾಯಕನ ಸಹಾಯಕ. ಹೊರಗಿನಿಂದ ನೇರ ಬಂದವರಲ್ಲಿ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ 2021–22ರಲ್ಲಿ ಆರನೇ ಸ್ಥಾನಕ್ಕೆ ನಿಂತರು. ಗ್ರೇಸನ್ 2022ರ ಡುರಾಂಡ್ ಕಪ್ ಗೆದ್ದು, ಮರುವರ್ಷ ಐಎಸ್‌ಎಲ್ ಫೈನಲ್‌ವರೆಗೂ ಹೋಗಿ, ಮುಂದಿನ ಡಿಸೆಂಬರ್‌ಗೆ ಕೆಲಸ ಕಳೆದುಕೊಂಡರು.

ನಮ್ಮ ಕಡೆಯವರಿಗೆ ಇದು ಅರ್ಥವಾಗದ ವಿಷಯವಲ್ಲ. ಎಸ್ಟೇಟಿಗೆ ಹೊಸ ಮ್ಯಾನೇಜರ್ ಬರುತ್ತಾರೆ, ಹೋಗುತ್ತಾರೆ. ಯಾವ ಪಟ್ಟೆಯಲ್ಲಿ ಕಾಂಡಕೊರಕ ಜಾಸ್ತಿ, ಯಾವ ಗಿಡಕ್ಕೆ ನೆರಳು ಕಡಿಮೆ, ಯಾವ ಆಳು ಯಾವ ಮಾತಿಗೆ ಬಗ್ಗುತ್ತಾನೆ ಎಂಬುದು ಗೊತ್ತಿರುವುದು ರೈಟರಿಗೆ, ಮೇಸ್ತ್ರಿಗೆ. ತೋಟ ಉಳಿಯಬೇಕು ಅನ್ನುವ ಸಾಹುಕಾರ ಆ ರೈಟರನ್ನು ಬೆಳೆಸುತ್ತಾನೆ.

ಆದರೆ ಬೆಂಗಳೂರು ಎಫ್‌ಸಿಯ ಎರಡನೇ ಕುರ್ಚಿಯಲ್ಲಿ ಭಾರತೀಯರೂ ಕೂತಿದ್ದರು. ನೌಶಾದ್ ಮೂಸಾ ರಿಸರ್ವ್ ತಂಡ ನೋಡಿಕೊಂಡು, ಮುಖ್ಯ ತಂಡದ ಸಹಾಯಕರೂ ಆಗಿದ್ದವರು. 2021ರ ಜನವರಿಯಲ್ಲಿ ಕ್ವಾಡ್ರಟ್ ನಿರ್ಗಮಿಸಿದಾಗ ಅವರು ಹಂಗಾಮಿ ಕೋಚ್ ಆದರು. ಮುಂದಿನ ತಿಂಗಳೇ ಪೆಜ್ಜಾಯುವೊಲಿ ಹೆಸರು ಪ್ರಕಟವಾಯಿತು. ಸ್ಪೇನ್‌ನ ಸಹಾಯಕನಿಗೆ ಆ ಕುರ್ಚಿ ಮೆಟ್ಟಿಲಾಯಿತು, ನಮ್ಮವನಿಗೆ ಹಂಗಾಮಿ ಕೆಲಸವಾಯಿತು. ಇದರಲ್ಲಿ ಕ್ಲಬ್ಬಿನದೊಂದೇ ತಪ್ಪು ಎನ್ನಲಾರೆ. ನಮ್ಮ ಗುಂಪಿನಲ್ಲಿ ಒಬ್ಬನ ಬಾಯಿ ಮುಚ್ಚಿಸಿದವರು ನಾವೇ ಅಲ್ಲವೇ?

2023ರ ಮಾರ್ಚ್ ತಿಂಗಳ ಎರಡು ದಿನಗಳನ್ನು ನೆನಪಿಸಿಕೊಳ್ಳಿ. ಮಾರ್ಚ್ 3ರಂದು ಕಂಠೀರವದಲ್ಲಿ ಛೆಟ್ರಿ ಸರಕ್ಕನೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ನಮ್ಮ ಮೊಬೈಲ್‌ಗಳು ಅದರಲ್ಲೇ ಬಿಸಿಯಾದವು. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೋಗಿ ಕರ್ನಾಟಕ ಅಂತ ಹೆಸರಾದ ಮೇಲೆ ಅದೇ ಮೊದಲ ಗೆಲುವು. ಆ ತಂಡದ ಕೋಚ್ ರವಿ ಬಾಬು ರಾಜು. ಒಂಬತ್ತು ತಿಂಗಳ ನಂತರ ಮುಂದಿನ ಕೋಚ್ ಯಾರು ಎಂದು ನಾವು ವಾರವಿಡೀ ವಾದಿಸಿದೆವಲ್ಲ, ಆಗ ಅವರ ಹೆಸರು ಮುಖ್ಯ ಕೋಚ್ ಸ್ಥಾನಕ್ಕಿರಲಿ, ಸಹಾಯಕನ ಸ್ಥಾನಕ್ಕೂ ಒಬ್ಬರ ಬಾಯಲ್ಲೂ ಬರಲಿಲ್ಲ.

ಅಡ್ಡಿಗಳು ನಿಜವಾದವೇ. ಐಎಸ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಲು ಎಎಫ್‌ಸಿ ಪ್ರೊ ಲೈಸೆನ್ಸ್ ಬೇಕು. ಡಿ, ಸಿ, ಬಿ, ಎ, ಆಮೇಲೆ ಪ್ರೊ. ಪ್ರತಿ ಮೆಟ್ಟಿಲಿಗೂ ಹಣ, ಸಮಯ, ನಡುವೆ ತಂಡಗಳ ಜೊತೆ ಕೆಲಸ ಮಾಡಿದ ಅನುಭವ ಬೇಕು. ಹಿಂದೆ ಈ ವರ್ಷಗಳನ್ನು ಕಾರ್ಖಾನೆಯ ಸಂಬಳ ತಡೆದುಕೊಳ್ಳುತ್ತಿತ್ತು. ಈಗ ಯಾರು ತಡೆದುಕೊಳ್ಳಬೇಕು? ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನಿಂದ ಕಳಸಕ್ಕೆ ಹೋಗುವುದೇ ಕಷ್ಟವಾಗುವ ಊರಿನ ದೈಹಿಕ ಶಿಕ್ಷಣದ ಮೇಷ್ಟ್ರು ಒಬ್ಬರು ಈ ಏಣಿ ಹತ್ತುವುದು ಹೇಗೆ?

ಹಾಗಂತ ಆಗದ ಮಾತಲ್ಲ. ಮಿಜೋರಾಂನ ಗುಡ್ಡದ ಊರು ಐಜ್ವಾಲ್‌ನ ಕ್ಲಬ್ 2016–17ರಲ್ಲಿ ಐ–ಲೀಗ್ ಗೆದ್ದಾಗ ಕೋಚ್ ಆಗಿದ್ದವರು ಖಾಲಿದ್ ಜಮೀಲ್. ನಂತರ ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಹಂಗಾಮಿಯಾಗಿ ಕೂತು, 2021ರಲ್ಲಿ ಐಎಸ್‌ಎಲ್‌ನ ಮೊದಲ ಭಾರತೀಯ ಪೂರ್ಣಾವಧಿ ಕೋಚ್ ಆದರು. 2025ರ ಆಗಸ್ಟ್‌ನಲ್ಲಿ ಭಾರತ ತಂಡವೇ ಅವರ ಕೈಗೆ ಬಂತು. ಅದೇ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಲೀಗೇ ಅಲುಗಾಡುವಾಗ ಮೊದಲು ಊರಿಗೆ ಹೊರಡುವವರು ಹೊರಗಿನಿಂದ ಬಂದವರು. ಉಳಿಯುವವರು ಇಲ್ಲಿಯವರು. ಅವರಿಗೆ ಕೆಲಸ ಕಲಿಸಿಟ್ಟಿದ್ದರೆ ಮಾತ್ರ ಆಟವೂ ಉಳಿಯುತ್ತದೆ.

ವಿದೇಶಿ ಕೋಚ್ ಬೇಡ ಎಂದು ನಾನು ಹೇಳುತ್ತಿಲ್ಲ. ರೋಕಾ ಬಾರದಿದ್ದರೆ ಜೊಹೊರ್ ಎದುರಿನ ಆ ರಾತ್ರಿ ನಮಗೆ ಸಿಗುತ್ತಿತ್ತೋ ಇಲ್ಲವೋ. ಆದರೆ ಅಭಿಮಾನಿಗಳಾಗಿ ನಾವು ಕೇಳುವ ಪ್ರಶ್ನೆಗೂ ಬೆಲೆ ಇದೆ. ಬಾರ್ಸಿಲೋನಾದಲ್ಲಿ ಸದಸ್ಯರೇ ಮತ ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ. ನಮಗೆ ಮತ ಇಲ್ಲ, ಬಾಯಿ ಮಾತ್ರ ಇದೆ. ಆ ಬಾಯಲ್ಲಿ ಮುಂದಿನ ಸಲ "ಯಾರು ಬರ್ತಾರೆ" ಅಂತ ಕೇಳುವ ಮೊದಲು "ಈಗ ಪಕ್ಕದಲ್ಲಿ ಯಾರು ಕೂತಿದ್ದಾರೆ, ಅವರಲ್ಲಿ ನಮ್ಮೂರಿನವರು ಎಷ್ಟು" ಅಂತ ಕೇಳೋಣ.

ಅವತ್ತು ಬಾಯಿ ಮುಚ್ಚಿಸಿಕೊಂಡ ಗೆಳೆಯನಿಗೆ ಈ ಬರಹ ಕಳಿಸುತ್ತೇನೆ. ಕ್ಷಮೆ ಕೇಳಿದಂತೆಯೂ ಆಯಿತು.